ಮೂರನೇ ಸಲ ಕೇಳಿದಾಗ

ದಾವಣಗೆರೆಯ ಭಟ್ಟಿ ಓಣಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಅದರ ಪಕ್ಕ ಎರಡು ಮಿರ್ಚಿ. ಬಂದವರು “ಬ್ಯಾಡ್ರಿ, ಈಗಷ್ಟೇ ಆತು” ಎನ್ನಬೇಕು. ಈಗಷ್ಟೇ ಏನೂ ಆಗಿರುವುದಿಲ್ಲ, ಹೊಟ್ಟೆ ತಾಳ ಹಾಕುತ್ತಿರುತ್ತದೆ. ಮನೆಯವರು ಎರಡನೇ ಸಲ ಹೇಳಬೇಕು. ಬಂದವರು “ಯಾಕ್ ಸುಮ್ನೆ ತ್ರಾಸು” ಎಂದು ತಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಬೇಕು. ಮೂರನೇ ಸಲಕ್ಕೆ ತಟ್ಟೆ ಕೈಗೇ ಬರುತ್ತದೆ, ಬಂದವರು ಮಾತಾಡದೆ ತಿನ್ನುತ್ತಾರೆ. ಮೊದಲನೇ ಸಲಕ್ಕೇ ಕೈ ಚಾಚಿದವನನ್ನು ಹೊಟ್ಟೆಬಾಕ ಎನ್ನುತ್ತಾರೆ. ಒಂದೇ ಸಲ ಕೇಳಿ ತಟ್ಟೆ ಒಳಗಿಟ್ಟ ಮನೆಯವಳನ್ನು ಏನೆನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯದಿರುವುದೇ ವಾಸಿ.

ಸಿಂಚನ ಹುಟ್ಟಿ ಬೆಳೆದದ್ದು ಈ ಓಣಿಯಲ್ಲಿ. ಅವಳ ತಾಯಿ ಹಾಲಮ್ಮ ಇಪ್ಪತ್ತೆಂಟು ವರ್ಷ ಭಟ್ಟಿಯ ಮುಂದೆ ನಿಂತು, ಬಿಸಿ ಮರಳಿನಲ್ಲಿ ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದವಳು. ಆ ಕಾಲದಲ್ಲಿ ಒಲೆಗೆ ಭತ್ತದ ಹೊಟ್ಟು ಸಾಲದೆ ಹಳೇ ಟೈರುಗಳನ್ನೂ ತುಂಡು ಮಾಡಿ ಹಾಕುತ್ತಿದ್ದರು. ಈಗ ಭಟ್ಟಿಗಳೆಲ್ಲ ಕರೆಂಟಿನವಾಗಿವೆ. ಚಿಮಣಿಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ, ಗೋಡೆಗಳು ಬೆಳ್ಳಗಾಗಿವೆ. ಹೊಗೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಐವತ್ತು ದಾಟಿದವರ ಎದೆಯೊಳಗೆ ಹೋಗಿ ಕೂತಿತು. ಆ ಓಣಿಯಲ್ಲಿ ಕೋಳಿ ಕೂಗುವ ಮೊದಲು ಕೆಮ್ಮು ಏಳುತ್ತದೆ.

ಸಿಂಚನ ಹನ್ನೊಂದು ವರ್ಷ ಎದೆರೋಗದ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಆಮೇಲೆ ಊರಿಗೆ ‘ಮುಂಗಡ ಮಾತು ಕೇಂದ್ರ’ ಬಂದಾಗ, ಓಣಿಯ ಜನರ ಮಾತು ಬಲ್ಲವಳು ಎಂದು ಅವಳನ್ನು ಅಲ್ಲಿಗೆ ಕರೆದರು.

ಕೇಂದ್ರದ ಕೆಲಸವೆಲ್ಲ ಒಂದು ಬಿಲ್ಲೆಯ ಸುತ್ತ. ಹತ್ತು ರೂಪಾಯಿಯ ನಾಣ್ಯದಷ್ಟು ಅಗಲದ್ದು. ದಮ್ಮಿನ ಕಾಯಿಲೆಯವರ ಕೊರಳ ಎಲುಬಿನ ಕೆಳಗೆ ಅದನ್ನು ಅಂಟಿಸುತ್ತಾರೆ. ಉಸಿರಿನ ಸದ್ದನ್ನೂ ರಕ್ತದಲ್ಲಿನ ಆಮ್ಲಜನಕವನ್ನೂ ಅದು ಹಗಲಿರುಳು ಅಳೆಯುತ್ತದೆ. ಆದರೆ ಅದರ ನಿಜವಾದ ಕೆಲಸ ಬೇರೆ. ಮನುಷ್ಯ ನೆಟ್ಟಗಿರುವಾಗಲೇ ಅದು ಅವನನ್ನು ಕೇಳಿಟ್ಟುಕೊಳ್ಳುತ್ತದೆ: ಮುಂದೊಂದು ದಿನ ಉಸಿರು ಕೈಕೊಟ್ಟರೆ ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸಬೇಕೋ ಬೇಡವೋ? ಆ ದಿನ ಬಂದಾಗ, ಬಾಯಿ ಮಾತಾಡದಿದ್ದಾಗ, ಬಿಲ್ಲೆ ಅವನದೇ ದನಿಯಲ್ಲಿ ಡಾಕ್ಟರಿಗೆ ಉತ್ತರ ಹೇಳುತ್ತದೆ. ಸ್ವಂತ ಮಾತಿನ ಕಾಯ್ದೆ ಬಂದ ಮೇಲೆ ಆ ಉತ್ತರವೇ ಕೊನೆ. ಗಂಡ ಹೆಂಡತಿ ಮಕ್ಕಳು ಆಸ್ಪತ್ರೆಯ ಬಾಗಿಲಲ್ಲಿ ಜಗಳಾಡುವಂತಿಲ್ಲ. ಮಾತು ಬದಲಿಸಬೇಕೆಂದರೆ ಆಡಿದವರೇ ಬದಲಿಸಬೇಕು, ಅದೂ ಬಾಯಿಬಿಟ್ಟು, ತಮ್ಮದೇ ದನಿಯಲ್ಲಿ. ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡವರ ನಾಡು ಇದು, ಹಾಗಾಗಿ ಕಾಯ್ದೆ ಮಾಡಿದವರು ಸಹಿಯನ್ನೂ ನಂಬಲಿಲ್ಲ, ಸನ್ನೆಯನ್ನೂ ನಂಬಲಿಲ್ಲ.

ಮೊದಮೊದಲು ಬಿಲ್ಲೆ ಒಂದೇ ಸಲ ಕೇಳುತ್ತಿತ್ತು. ಹತ್ತರಲ್ಲಿ ಆರು ಜನ ಬೇಡ ಎಂದರು. ಕೇಂದ್ರದವರು ಜನ ಎಷ್ಟು ಧೀರರು ಎಂದು ವರದಿ ಬರೆದರು. ಅಷ್ಟರಲ್ಲಿ ಕೊಟ್ರಪ್ಪ ಸತ್ತ. ಭಟ್ಟಿಯಲ್ಲಿ ಮರಳು ಕಾಯಿಸುತ್ತಿದ್ದವನು, ಐವತ್ತಾರು ವಯಸ್ಸು. ಒಂದು ವಾರದ ನ್ಯುಮೋನಿಯಾ, ನಾಲ್ಕು ದಿನ ಯಂತ್ರ ಕೊಟ್ಟಿದ್ದರೆ ಎದ್ದು ಮನೆಗೆ ಹೋಗುತ್ತಿದ್ದ. ಬಿಲ್ಲೆ ಅವನ ದನಿಯಲ್ಲಿ “ಬ್ಯಾಡ್ರಿ, ಯಾಕ್ ಸುಮ್ನೆ” ಎಂದಿತು, ಡಾಕ್ಟರು ಕೈ ಕಟ್ಟಿ ನಿಂತರು. ಮರುದಿನ ಅವನ ಹೆಂಡತಿ ನೇರವಾಗಿ ಕೇಂದ್ರಕ್ಕೆ ಬಂದಳು. ಅಳಲಿಲ್ಲ, ಕೂಗಲಿಲ್ಲ. ಸಿಂಚನಳ ಮೇಜಿನ ಮುಂದೆ ನಿಂತು ಕೇಳಿದಳು.

“ನನ್ ಗಂಡ ಮಾವನ ಮನ್ಯಾಗೂ ಎಲಿ ಮುಂದ ಕುಂತು ಮೊದ್ಲು ಬ್ಯಾಡ ಅಂತಿದ್ದ. ಇನ್ನೊಂದ್ ಸಲ ಕೇಳಾಕ ನಿಮ್ ಮಿಷನ್ನಿಗೆ ಬಾಯಿ ನೋಯ್ತಿತ್ತೇನು?”

ಈ ಮಾತು ಸಿಂಚನಳ ನಿದ್ದೆ ಕೆಡಿಸಿತು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇಂದುಧರ, ಸಜ್ಜನ, ಯಾರು ಏನು ಹೇಳಿದರೂ ಕನ್ನಡಕ ತೆಗೆದು ಕೇಳುವ ಮನುಷ್ಯ. ಅವರ ಸಮಿತಿಯ ಮುಂದೆ ಸಿಂಚನ ಎದ್ದು ನಿಂತು ತನ್ನ ಓಣಿಯ ರೀತಿಯನ್ನು ವಿವರಿಸಿದಳು. ತಾನು ಚಿಕ್ಕವಳಿದ್ದಾಗ ಅವ್ವನ ಜೊತೆ ಹರಿಹರದ ನೆಂಟರ ಮನೆಗೆ ಹೋಗಿದ್ದು, ಅವ್ವ ಗೋಧಿ ಹುಗ್ಗಿ ಬೇಡ ಬೇಡ ಎಂದು ಮೂರನೇ ಸಲಕ್ಕೆ ಬಟ್ಟಲು ಖಾಲಿ ಮಾಡಿದ್ದು, ಎಲ್ಲವನ್ನೂ ಹೇಳಿದಳು. ನಮ್ಮಲ್ಲಿ ಮೊದಲಿನ ಎರಡು ‘ಬೇಡ’ ಮರ್ಯಾದೆ, ಮೂರನೆಯದೇ ಉತ್ತರ ಎಂದಳು. ಬಿಲ್ಲೆಯೂ ಮೂರು ಸಲ ಕೇಳಲಿ. ಮೂರನೇ ಸಲಕ್ಕೆ ಯಾರೂ ‘ಕೊಡಿ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಮೂರನೇ ಪ್ರಶ್ನೆಗೆ ಹತ್ತು ಎಣಿಸುವಷ್ಟು ಹೊತ್ತು ಮೌನವಿದ್ದರೆ ಅದನ್ನು ಒಪ್ಪಿಗೆ ಎಂದೇ ಬರೆದುಕೊಳ್ಳಲಿ ಎಂದೂ ಸೇರಿಸಿದಳು. ಮೌನಂ ಸಮ್ಮತಿ ಲಕ್ಷಣಂ ಎಂದು ಸಮಿತಿಯ ಹಿರಿಯರೊಬ್ಬರು ತಲೆಯಾಡಿಸಿದರು. ಗಾದೆಯೊಂದು ಸಿಕ್ಕಿದರೆ ಸಮಿತಿಗಳಿಗೆ ಯೋಚನೆಯ ಶ್ರಮ ಉಳಿಯುತ್ತದೆ.

ಪ್ರಶ್ನೆಗಳನ್ನು ಬರೆದವಳೂ ಸಿಂಚನಳೇ. ಓದಿದವಳೂ ಅವಳೇ, ಏಕೆಂದರೆ ಕೇಳುವ ದನಿ ಮನೆಯವರ ದನಿಯಂತಿರಬೇಕು ಎಂದು ಇಂದುಧರರ ಆಸೆ. ಗಾಜಿನ ಕೋಣೆಯಲ್ಲಿ ಕೂತು, ನೆಂಟರಿಗೆ ಬಡಿಸುವ ದನಿಯಲ್ಲಿ ಅವಳು ಓದಿದಳು. ಮೊದಲು ನಮಸ್ಕಾರ, ಆರಾಮ ಇದ್ದೀರಾ, ಊಟಾತಾ. ಆಮೇಲೆ ಪ್ರಶ್ನೆ. ಬೇಡ ಎಂದರೆ ಎರಡನೇ ಸಲ “ಸಂಕೋಚ ಮಾಡ್ಕಬ್ಯಾಡ್ರಿ.” ಮತ್ತೂ ಬೇಡ ಎಂದರೆ ಮೂರನೇ ಸಲ “ನಮ್ ಸಮಾಧಾನಕ್ಕಾದ್ರೂ ಹೂಂ ಅನ್ರಿ.” ಓದುವಾಗ ಅವಳಿಗೇ ಕಣ್ಣು ತುಂಬಿ ಬಂತು. ಇಷ್ಟು ಅಕ್ಕರೆಯಿಂದ ಯಾವ ಸರ್ಕಾರಿ ಯಂತ್ರ ಯಾರನ್ನು ಕೇಳಿದ್ದುಂಟು?

ಹೊಸ ಪ್ರಶ್ನೆ ಬಂದ ಮೇಲೆ ಹತ್ತರಲ್ಲಿ ಒಂಬತ್ತು ಜನ ಒಪ್ಪಿದರು. ಮೂರು ಸಲವೂ ಬೇಡ ಎಂದು ಗಟ್ಟಿಯಾಗಿ ನಿಂತವರು ಒಬ್ಬರೇ. ರಾಜ್ಯದ ಬೇರೆ ಕೇಂದ್ರಗಳೂ ಆ ಪ್ರಶ್ನೆಗಳನ್ನೇ ತೆಗೆದುಕೊಂಡವು. ಸಿಂಚನಳಿಗೆ ಶಾಲು ಹೊದಿಸಿ ಫಲತಾಂಬೂಲ ಕೊಟ್ಟರು. ಆ ಫೋಟೋ ಹಾಲಮ್ಮನ ಮನೆಯ ಗೋಡೆಯ ಮೇಲೆ ಸಿಂಚನಳ ಅಪ್ಪನ ಫೋಟೋದ ಪಕ್ಕದಲ್ಲಿ ಕೂತಿತು.

ಹಾಲಮ್ಮ ಮಾತಿನ ಮಲ್ಲಿ. ಭಟ್ಟಿಯ ಸದ್ದಿನ ನಡುವೆಯೂ ನಾಲ್ಕು ಒಲೆ ಆಚೆಯವರ ಜೊತೆ ಸಂಸಾರದ ಕಥೆ ಮುಗಿಸಿಕೊಂಡು ಬರುತ್ತಿದ್ದವಳು. ಈಗ ಎದೆಯಲ್ಲಿ ಮೂರನೇ ಒಂದು ಪಾಲು ಉಸಿರಷ್ಟೇ ಉಳಿದಿತ್ತು. ಒಂದು ಉಸಿರಿಗೆ ನಾಲ್ಕು ಪದ. ಅದಕ್ಕೇನೂ ಅವಳು ಬಗ್ಗಲಿಲ್ಲ, ಮಾತನ್ನು ಕಂತಿನ ಮೇಲೆ ಆಡತೊಡಗಿದಳು. ಬಾಗಿಲಿಗೆ ಎದುರಾಗಿ ಹಾಕಿದ ಹಗ್ಗದ ಹೊರಸಿನ ಮೇಲೆ ಕೂತು, ಬೀದಿಯಲ್ಲಿ ಹೋಗುವವರನ್ನು ಕೈಸನ್ನೆಯಿಂದ ನಿಲ್ಲಿಸಿ, ಉಸಿರು ತಿರುಗುವವರೆಗೂ ಅವರನ್ನು ಕಣ್ಣಲ್ಲೇ ಹಿಡಿದಿಟ್ಟು, ಆಮೇಲೆ ಉಳಿದದ್ದನ್ನು ಹೇಳುತ್ತಿದ್ದಳು. ಪಕ್ಕದ ಮನೆಯ ಮೆಹಬೂಬಿ ತರಕಾರಿ ಹೆಚ್ಚುವುದನ್ನು ಅಲ್ಲೇ ತಂದಿಟ್ಟುಕೊಂಡಿದ್ದಳು, ಹಾಲಮ್ಮನ ಒಂದು ಸುದ್ದಿ ಮುಗಿಯುವಷ್ಟರಲ್ಲಿ ಎರಡು ಕಿಲೋ ಬೀನ್ಸು ಮುಗಿಯುತ್ತದೆ ಎಂದು.

ಒಂದು ಸಂಜೆ ಊಟಕ್ಕೆ ಕೂತಾಗ ಹಾಲಮ್ಮ ರೊಟ್ಟಿ ಮುರಿಯುತ್ತ, ತನಗೆ ಉಸಿರು ತೀರಾ ಕೈಕೊಟ್ಟ ದಿನ ಏನು ಮಾಡಬೇಕೆಂದು ಶುರು ಮಾಡಿದಳು. ಸಿಂಚನ ತಟ್ಟೆಯಿಂದ ತಲೆಯೆತ್ತದೆ, ಊಟದ ಹೊತ್ತಿನಲ್ಲಿ ಅಪಶಕುನದ ಮಾತು ಬೇಡ ಎಂದಳು. ಹಾಲಮ್ಮ ನಕ್ಕಳು. ಇಡೀ ಊರಿನವರನ್ನು ಕೂರಿಸಿ ನೀನು ಕೇಳುವುದು ಇದನ್ನೇ ಅಲ್ಲವಾ ಎಂದು ನಾಲ್ಕು ನಾಲ್ಕು ಪದಗಳಲ್ಲಿ ಕೇಳಿದಳು. ಅದಕ್ಕೆ ಬಿಲ್ಲೆ ಇದೆಯಲ್ಲ, ಮುಂದಿನ ವಾರ ನಿನಗೂ ಹಾಕುತ್ತಾರೆ, ಅದಕ್ಕೇ ಹೇಳು ಎಂದು ಮಗಳು ಸಾರು ಬಡಿಸಿದಳು. ಸತ್ಯ ಇಷ್ಟೇ: ಸಿಂಚನಳಿಗೆ ಹೆದರಿಕೆಯಿತ್ತು. ತಾಯಿ ಬೇಡ ಎಂದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ಅವಳಿಗಿರಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬೀಳುವುದು ಹೀಗೆ.

ಮುಂದಿನ ವಾರ ಕೇಂದ್ರದವರು ಬಂದು ಬಿಲ್ಲೆ ಅಂಟಿಸಿದರು. ಕೇಳುವ ಹೊತ್ತಿನಲ್ಲಿ ಮನೆಯವರು ಒಳಗಿರಬಾರದು ಎಂಬುದು ನಿಯಮ. ಸಿಂಚನ ಮೆಹಬೂಬಿಯ ಕಟ್ಟೆಯ ಮೇಲೆ ಕೂತಳು. ಮುಚ್ಚಿದ ಬಾಗಿಲಿನ ಹಿಂದೆ ತನ್ನದೇ ದನಿ ಊಟಾತಾ ಎಂದು ಅವ್ವನನ್ನು ವಿಚಾರಿಸುವುದು ಕೇಳಿಸಿತು, ಆಮೇಲಿನದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೇಂದ್ರದವನು ಹೊರಗೆ ಬಂದು, ಒಪ್ಪಿದ್ದಾರೆ, ಮಾತಿಗೆ ಮುದ್ರೆ ಬಿದ್ದಿದೆ ಎಂದ. ಅವಳ ಎದೆ ಹಗುರಾಯಿತು. ಒಳಗೆ ಹೋದಾಗ ಹಾಲಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಸಮಾಧಾನ ಆತಾ ಎಂದು ಕೇಳಿದಳು. ಆತು ಎಂದಳು ಸಿಂಚನ, ಚಹಾ ಇಡಲು ಹೋದಳು.

ಡಿಸೆಂಬರಿನ ಒಂದು ಮಧ್ಯಾಹ್ನ ಅದು ಬಂತು. ಸಿಂಚನ ಕಂಟ್ರೋಲ್ ರೂಮಿನಲ್ಲಿದ್ದಳು. ಎದುರಿನ ದೊಡ್ಡ ಪರದೆಯ ಮೇಲೆ ಊರಿನ ಎರಡು ಸಾವಿರದ ಮುನ್ನೂರು ಬಿಲ್ಲೆಗಳು ಹಸಿರು ಚುಕ್ಕಿಗಳಾಗಿ ಉಸಿರಾಡುತ್ತಿದ್ದವು. ಭಟ್ಟಿ ಓಣಿಯ ಒಂದು ಚುಕ್ಕಿ ಹಳದಿಯಾಯಿತು, ನೋಡುತ್ತಿದ್ದಂತೆ ಕೆಂಪಾಯಿತು. ಅದರ ಕೆಳಗೆ ಅವ್ವನ ಹೆಸರಿತ್ತು. ಆಮ್ಲಜನಕ ಎಂಬತ್ತನಾಲ್ಕು, ಎಪ್ಪತ್ತೊಂಬತ್ತು, ಎಪ್ಪತ್ತೊಂದು. ಆಂಬುಲೆನ್ಸ್ ಹೊರಟದ್ದು, ಮೆಹಬೂಬಿ ಬಾಗಿಲು ತೆಗೆದದ್ದು, ಆಸ್ಪತ್ರೆ ತಲುಪಿದ್ದು, ಎಲ್ಲವೂ ಅಕ್ಷರಗಳಲ್ಲಿ ಬಂತು. ಓಡಿಹೋಗಬೇಕು ಎಂದು ಅವಳ ಕಾಲಿಗೆ ತಿಳಿಯಲಿಲ್ಲ. ಕೊನೆಗೆ ಸ್ಪೀಕರಿನಲ್ಲಿ ತುರ್ತು ವಿಭಾಗದ ಡಾಕ್ಟರ ಪ್ರಶ್ನೆ ಕೇಳಿಸಿತು: ಕೊಳವೆ ಹಾಕಬೇಕೇ? ಅದರ ಬೆನ್ನಿಗೇ ಹಾಲಮ್ಮನ ದನಿ, ಸ್ಪಷ್ಟವಾಗಿ, ದಣಿವಿಲ್ಲದೆ.

“ಆತು ಬಿಡವ್ವ.”

ಕಂಟ್ರೋಲ್ ರೂಮಿನವರೆಲ್ಲ ಎದ್ದು ಬಂದು ಸಿಂಚನಳ ಬೆನ್ನು ಸವರಿದರು. ನಿನ್ನ ಪ್ರಶ್ನೆಯೇ ನಿನ್ನ ತಾಯಿಯನ್ನು ಉಳಿಸಿತು ಎಂದರು. ಅವಳು ಅತ್ತಳು. ಅಷ್ಟು ಸಂತೋಷದಿಂದ ಅವಳು ಹಿಂದೆಂದೂ ಅತ್ತಿರಲಿಲ್ಲ.

ಯಂತ್ರದಿಂದ ಬಿಡಿಸಲು ಡಾಕ್ಟರುಗಳು ಮೂರು ವಾರ ನೋಡಿದರು. ಹಾಲಮ್ಮನ ಎದೆ ಉಸಿರು ಹಿಡಿಯಲಿಲ್ಲ. ಬಾಯಿಯ ಕೊಳವೆ ತೆಗೆದು ಗಂಟಲಿಗೆ ತೂತು ಕೊರೆದು ಅಲ್ಲಿಂದ ಕೊಳವೆ ಇಟ್ಟರು. ಆಮೇಲೆ ಅವಳನ್ನು ಮೇಲಿನ ಮಹಡಿಯ ಉಸಿರು ವಾರ್ಡಿಗೆ ಸಾಗಿಸಿದರು. ಮೂವತ್ತೆರಡು ಹಾಸಿಗೆ, ಅರ್ಧಕ್ಕೂ ಹೆಚ್ಚು ಭಟ್ಟಿ ಓಣಿಯವರು. ಒಂದು ಕಾಲಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಗದ್ದಲ ಮಾಡುತ್ತಿದ್ದ ಜನ ಅಲ್ಲಿ ಸಾಲಾಗಿ ಮಲಗಿದ್ದರು, ಯಂತ್ರಗಳಷ್ಟೇ ಉಸ್ ಎನ್ನುತ್ತಿದ್ದವು. ಕೊಳವೆ ಗಂಟಲಲ್ಲಿದ್ದರೆ ಗಾಳಿ ದನಿಪೆಟ್ಟಿಗೆಯ ತನಕ ಹೋಗುವುದಿಲ್ಲ, ಮಾತು ಹೊರಡುವುದಿಲ್ಲ. ಅವರ ಅಕ್ಕಪಕ್ಕದಲ್ಲಿ ಕೂತ ಮನೆಯವರೂ ಪಿಸುಗುಡುತ್ತಿದ್ದರು.

ಸಿಂಚನ ದಿನವೂ ಬಂದಳು. ತಲೆ ಬಾಚಿದಳು, ಕಾಲು ಒತ್ತಿದಳು, ಓಣಿಯ ಸುದ್ದಿಯನ್ನೆಲ್ಲ ಹೇಳಿದಳು. ಹಾಲಮ್ಮ ತುಟಿಯಾಡಿಸುತ್ತಿದ್ದಳು, ಮಗಳಿಗೆ ಅರ್ಥವಾಗುತ್ತಿರಲಿಲ್ಲ. ಒಂದು ದಿನ ಸಣ್ಣ ಮಕ್ಕಳ ಪಾಟಿ, ಬಳಪ ತಂದುಕೊಟ್ಟಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹಾಲಮ್ಮ ಬಹಳ ಹೊತ್ತು ಒತ್ತಿ ಒತ್ತಿ ಎರಡಕ್ಷರ ಬರೆದಳು: ತಗಿ.

ಸಿಂಚನ ಅದನ್ನು ಓದಿದಳು. ಅರ್ಥವಾಯಿತು. ಆದರೂ, ಸೆಕೆಯಾಗುತ್ತಿದೆಯಾ ಅವ್ವ ಎಂದು ಹೊದಿಕೆ ತೆಗೆದಳು. ಹಾಲಮ್ಮ ಕಣ್ಣು ಮುಚ್ಚಿಕೊಂಡಳು.

ಮರುದಿನ ಪಾಟಿಯ ಮೇಲೆ ಸ್ವಲ್ಪ ಉದ್ದದ ಬರಹವಿತ್ತು. ಮಗಳು ಬರುವ ಮೊದಲೇ ಬರೆದಿಟ್ಟು, ಎದೆಯ ಮೇಲೆ ಮಗುವಿನಂತೆ ಅವಚಿಕೊಂಡಿದ್ದಳು.

ಮೊದಲ್ನೆ ಸಲಾನೆ ಹೇಳಿದ್ದೆ.

ಸಿಂಚನ ಅವತ್ತು ಮನೆಗೆ ಹೋಗಲಿಲ್ಲ, ನೇರವಾಗಿ ಕೇಂದ್ರಕ್ಕೆ ಹೋದಳು. ಮುದ್ರೆ ಬಿದ್ದ ಮಾತನ್ನು ಮನೆಯವರು ಕೇಳುವಂತಿರಲಿಲ್ಲ. ಇಂದುಧರರು ಕನ್ನಡಕ ತೆಗೆದು ಅವಳ ಮುಖ ನೋಡಿ, ತಾವೇ ಕೀಲಿ ಒತ್ತಿ ಹೊರಗೆ ಹೋದರು. ಅವಳು ಗಾಜಿನ ಕೋಣೆಯಲ್ಲಿ ಕೂತು ಕೇಳಿದಳು.

ನಮಸ್ಕಾರ, ಆರಾಮ ಇದ್ದೀರಾ, ಊಟಾತಾ ಎಂದಿತು ಅವಳ ದನಿ. ಕೊಳವೆ ಹಾಕುವ ಪ್ರಶ್ನೆ ಕೇಳಿತು. ಹಾಲಮ್ಮ ನಕ್ಕಳು, ಕೆಮ್ಮಿದಳು.

“ಬ್ಯಾಡವ್ವ. ಪೈಪು ಹಾಕಿದ್ರೆ... ಮಾತಾಡಾಕ ಆಗಲ್ಲಂತ. ಮಾತಿಲ್ದ ಇದ್ದು... ನಾ ಏನ್ ಮಾಡ್ಲಿ. ಆ ಹೊರಸು... ಈ ಬಾಗ್ಲು... ಅಷ್ಟು ಸಾಕು ನಂಗ.”

ಸಂಕೋಚ ಮಾಡ್ಕಬ್ಯಾಡ್ರಿ ಎಂದಿತು ಅವಳ ದನಿ.

“ಸಂಕೋಚ ಅಲ್ಲವ್ವ. ಖರೇನ ಬ್ಯಾಡ.”

ನಮ್ ಸಮಾಧಾನಕ್ಕಾದ್ರೂ ಹೂಂ ಅನ್ರಿ ಎಂದಿತು. ಆಮೇಲೆ ಬಳೆಗಳ ಸದ್ದು. ಸೆರಗಿನಿಂದ ಮುಖ ಒರೆಸಿಕೊಂಡಿರಬೇಕು. ಏಳೋ ಎಂಟೋ ಎಣಿಸುವಷ್ಟು ಹೊತ್ತು ಉಸಿರಿನ ಸದ್ದು ಮಾತ್ರ.

“ನಿನ್ ಸಮಾಧಾನಕ್ಕಾ? ಆತು ಬಿಡವ್ವ.”

ಬಿಲ್ಲೆ ಕೊನೆಯ ಎರಡು ಪದ ಇಟ್ಟುಕೊಂಡಿತ್ತು. ಉಳಿದದ್ದು ಮರ್ಯಾದೆ ಎಂದು ಬದಿಗಿಟ್ಟಿತ್ತು, ಅದಕ್ಕೆ ಸಿಂಚನ ಹೇಳಿಕೊಟ್ಟಂತೆಯೇ.

ಆಗ ಅವಳಿಗೆ ಹರಿಹರದ ಹುಗ್ಗಿಯ ಕಥೆಯ ಉಳಿದರ್ಧ ನೆನಪಾಯಿತು. ಅದನ್ನು ಅವಳು ಮರೆತಿರಲಿಲ್ಲ, ಸಮಿತಿಯ ಮುಂದೆ ಬೇಕಾಗಿರಲಿಲ್ಲ ಅಷ್ಟೇ. ನೆಂಟರ ಮನೆಯಿಂದ ಹೊರಟು ಬಸ್ ಸ್ಟ್ಯಾಂಡಿಗೆ ಬರುತ್ತಲೇ ಹಾಲಮ್ಮ ಗೋಡೆಯ ಹಿಂದೆ ಹೋಗಿ ಅಷ್ಟನ್ನೂ ಕಕ್ಕಿದ್ದಳು. ಹುಗ್ಗಿ ಅವಳಿಗೆ ಯಾವತ್ತೂ ಆಗುತ್ತಿರಲಿಲ್ಲ. ನಲ್ಲಿಯಲ್ಲಿ ಬಾಯಿ ತೊಳೆದುಕೊಂಡು, ಗಾಬರಿಯಾದ ಮಗಳ ತಲೆ ಸವರಿ, ಮೂರನೇ ಸಲವೂ ಬೇಡ ಎಂದರೆ ಆಕೆಯ ಮನಸ್ಸು ಮುರಿಯುತ್ತಿತ್ತು, ನನ್ನ ಹೊಟ್ಟೆ ಏನು, ತೊಳೆದುಕೊಂಡರಾಯಿತು ಎಂದಿದ್ದಳು. ಮೂರನೆಯ ಹೂಂ ತಿನ್ನುವವರದ್ದಲ್ಲ, ಬಡಿಸುವವರದ್ದು. ಓಣಿಯ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿದ್ದ ಈ ಸಂಗತಿಯನ್ನು ಓಣಿಯ ಮಗಳು ಶಾಲಿನಡಿ ಮುಚ್ಚಿಟ್ಟಿದ್ದಳು.

ಹಾಗಾದರೆ ಹತ್ತರಲ್ಲಿ ಒಂಬತ್ತು ಜನ? ಅವಳು ಮೂವತ್ತೆರಡು ಹಾಸಿಗೆಗಳನ್ನು ನೆನೆದುಕೊಂಡಳು. ಅವರಲ್ಲಿ ಕೊಟ್ರಪ್ಪನಂಥವರು ಎಷ್ಟು, ಹಾಲಮ್ಮನಂಥವರು ಎಷ್ಟು? ಒಬ್ಬರಾದರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಇಂದುಧರರು ಒಳಗೆ ಬಂದಾಗ ಅವಳು ಅಪ್ಪಣೆ ಕೇಳಲಿಲ್ಲ, ಯಂತ್ರ ತೆಗೆಸಿ ಎಂದಳು. ಅವರು ಬಹಳ ಮೆತ್ತಗೆ ಮಾತಾಡಿದರು. ಪಾಟಿಯ ಬರಹ ನಡೆಯುವುದಿಲ್ಲ. ಮಗಳ ಮಾತು ನಡೆಯುವುದಿಲ್ಲ, ಅದನ್ನು ನೀನೇ ಎಲ್ಲರಿಗೂ ಪಾಠ ಮಾಡಿದ್ದೀಯ. ಮುದ್ರೆಯ ವಿರುದ್ಧ ಯಂತ್ರ ನಿಲ್ಲಿಸಿದ ಡಾಕ್ಟರಿಗೆ ಜೈಲು. ಒಂದೇ ದಾರಿ, ನಿನ್ನ ತಾಯಿ ಬಾಯಿಬಿಟ್ಟು ಬದಲಿಸಬೇಕು. ಆರು ತಿಂಗಳಿಗೊಮ್ಮೆ ಅವಕಾಶ ಇದೆ.

“ಗಂಟಲಿಗೆ ತೂತು ಹಾಕಿ ಬಾಯಿಬಿಟ್ಟು ಹೇಳು ಅಂತೀರಲ್ಲ ಸರ್.”

ಅವರು ಕನ್ನಡಕ ಒರೆಸಿಕೊಂಡರು.

ದಾರಿ ತೋರಿಸಿದವಳು ಉಸಿರು ವಾರ್ಡಿನ ಡಾಕ್ಟರ್ ತಸ್ಲೀಮಾ. ಕೊಳವೆಯ ಬಾಯಿಗೆ ಸಿಕ್ಕಿಸುವ ಒಂದು ಸಣ್ಣ ಮುಚ್ಚಳ ಇದೆ, ಒಳಗೆ ಹೋದ ಗಾಳಿಯನ್ನು ಅದು ಕೊಳವೆಯಿಂದ ವಾಪಸು ಬಿಡದೆ ಗಂಟಲಿನ ಮೂಲಕ ಹೊರಡಿಸುತ್ತದೆ. ಆಗ ದನಿ ಬರುತ್ತದೆ. ಗಟ್ಟಿ ಎದೆಯವರು ಗಂಟೆಗಟ್ಟಲೆ ಮಾತಾಡಬಹುದು. ಹಾಲಮ್ಮನ ಎದೆಗೆ ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು, ಅದಕ್ಕಿಂತ ಜಾಸ್ತಿ ಇಟ್ಟರೆ ಹೃದಯ ನಿಲ್ಲಬಹುದು ಎಂದಳು. ಬಿಲ್ಲೆ ಮತ್ತೆ ಮೂರು ಸಲ ಕೇಳುತ್ತದೆ, ಮೂರು ಸಲವೂ ಬೇಡ ಎಂದರೆ ಮುಗಿಯಿತು. ಮನೆಗೆ ಕರೆದುಕೊಂಡು ಹೋಗಬಹುದು. ಉಸಿರುಗಟ್ಟುವ ಸಂಕಟ ಆಗದಂತೆ ಔಷಧ ಕೊಟ್ಟು ತಾನೇ ಜೊತೆಗೆ ಬರುವುದಾಗಿಯೂ ತಸ್ಲೀಮಾ ಹೇಳಿದಳು.

ಸಿಂಚನ ಅವ್ವನ ಕೈ ಹಿಡಿದು ಎಲ್ಲವನ್ನೂ ವಿವರಿಸಿದಳು. ಈ ಸಲ ಒಂದನ್ನೂ ಮುಚ್ಚಿಡಲಿಲ್ಲ. ತಪ್ಪಾಯಿತು ಎಂದಳು. ಯಾರು ಕೇಳಿದರೂ, ಎಷ್ಟು ಅಕ್ಕರೆಯಿಂದ ಕೇಳಿದರೂ, ಮೂರು ಸಲವೂ ಬೇಡ ಅನ್ನು, ನನ್ನ ಮನಸ್ಸು ಮುರಿಯುವುದಿಲ್ಲ ಎಂದು ಆಣೆ ಮಾಡಿದಳು. ಹಾಲಮ್ಮ ತಲೆಯಾಡಿಸಿದಳು. ಪಾಟಿ ತೆಗೆದುಕೊಂಡು ‘ಹೊರಸು’ ಎಂದು ಬರೆದಳು. ಬಾಗಿಲಿಗೆ ಎದುರಾಗೇ ಇದೆ, ಮೆಹಬೂಬಿ ದಿನಾ ಧೂಳು ಹೊಡೆಯುತ್ತಾಳೆ ಎಂದಳು ಸಿಂಚನ. ಮೂರು ತಿಂಗಳಲ್ಲಿ ಮೊದಲ ಸಲ ಹಾಲಮ್ಮ ನಕ್ಕಳು, ಸದ್ದಿಲ್ಲದ ನಗು.

ಗೊತ್ತುಮಾಡಿದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪರದೆ ಎಳೆದರು. ಹಾಸಿಗೆಯ ಒಂದು ಕಡೆ ತಸ್ಲೀಮಾ, ಇನ್ನೊಂದು ಕಡೆ ಸಿಂಚನ. ಒಳಗಿರಲು ಇಂದುಧರರು ಅನುಮತಿ ಕೊಡಿಸಿದ್ದರು, ಆದರೆ ಬೇರೆಯವರ ದನಿ ಒಂದಕ್ಷರ ಕೇಳಿಸಿದರೂ ಬಿಲ್ಲೆ ಇದನ್ನು ಒತ್ತಾಯವೆಂದು ತಿಳಿದು ನಿಂತುಬಿಡುತ್ತದೆ, ಮತ್ತೆ ಆರು ತಿಂಗಳು ಕಾಯಬೇಕು. ಸಿಂಚನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಸ್ಲೀಮಾ ಮುಚ್ಚಳ ಸಿಕ್ಕಿಸಿದಳು, ಬೆರಳೆತ್ತಿ ಗಡಿಯಾರ ನೋಡಿದಳು.

ನಮಸ್ಕಾರ ಎಂದಿತು ಬಿಲ್ಲೆ, ಸಿಂಚನಳ ದನಿಯಲ್ಲಿ. ಆರಾಮ ಇದ್ದೀರಾ? ಉತ್ತರಕ್ಕೆ ಕಾಯಿತು. ಉತ್ತರ ಬರುವ ತನಕ ಕಾಯಬೇಕು, ಇಲ್ಲದಿದ್ದರೆ ಒರಟುತನವಾಗುತ್ತದೆ ಎಂದು ಬರೆದವಳೇ ಸಿಂಚನ. ಹಾಲಮ್ಮನಿಗೆ ಬೇರೆ ದಾರಿ ಇರಲಿಲ್ಲ. “ಹೂಂ” ಎಂದಳು. ಮೂರು ತಿಂಗಳ ಮೇಲೆ ಬಂದ ಮೊದಲ ದನಿ, ತುಕ್ಕು ಹಿಡಿದ ಬಾಗಿಲಿನಂತೆ. ಊಟಾತಾ ಎಂದಿತು ಬಿಲ್ಲೆ. ಮೂಗಿನ ನಳಿಕೆಯಿಂದ ಗಂಜಿ ಕುಡಿಯುವವಳು ಮತ್ತೆ ಹೂಂ ಎನ್ನಬೇಕಾಯಿತು. ಅಷ್ಟರಲ್ಲಿ ಮೂವತ್ತೈದು ಸೆಕೆಂಡು ಹೋಗಿತ್ತು.

ಮೊದಲ ಪ್ರಶ್ನೆ ಬಂತು. ನಿಧಾನವಾಗಿ, ವಯಸ್ಸಾದವರಿಗೆ ಅರ್ಥವಾಗುವ ಹಾಗೆ.

“ಬ್ಯಾಡ.”

ಎರಡನೆಯದು. ಸಂಕೋಚ ಮಾಡ್ಕಬ್ಯಾಡ್ರಿ. ಹಾಲಮ್ಮನ ತುಟಿ ನೀಲಿಯಾಗುತ್ತಿತ್ತು. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ಇಡೀ ಮೈಯನ್ನು ಹಿಂಡಿ ಒಂದು ಪದ ತೆಗೆದಳು.

“ಬ್ಯಾಡ.”

ಮೂರನೆಯದು. ನಮ್ ಸಮಾಧಾನಕ್ಕಾದ್ರೂ ಹೂಂ ಅನ್ರಿ.

ಹಾಲಮ್ಮ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ತೆರೆದಳು. ಗಾಳಿ ಇರಲಿಲ್ಲ. ತಲೆಯನ್ನು ಅತ್ತಿಂದಿತ್ತ, ಅತ್ತಿಂದಿತ್ತ ಆಡಿಸಿದಳು, ದಿಂಬಿನ ಮೇಲೆ ಕೂದಲು ಉಜ್ಜುವ ಸದ್ದು ಬಂತು. ಬಲಗೈ ಎತ್ತಿ, ತಟ್ಟೆ ಹಿಂದಕ್ಕೆ ಸರಿಸುವಂತೆ, ಗಾಳಿಯನ್ನು ನೂಕಿದಳು. ಬಿಲ್ಲೆಗೆ ಕಿವಿಯಿತ್ತು, ಕಣ್ಣಿರಲಿಲ್ಲ. ಸಿಂಚನ ಸೆರಗನ್ನು ಹಲ್ಲಿನಿಂದ ಕಚ್ಚಿಕೊಂಡು ಮನಸ್ಸಿನಲ್ಲಿ ಎಣಿಸುತ್ತಿದ್ದಳು. ಏಳು. ಎಂಟು. ಕೂಗಿಬಿಡಲೇ? ಕೂಗಿದರೆ ಆರು ತಿಂಗಳು. ಕೂಗದಿದ್ದರೆ ಅವ್ವ ಹೇಳಿದರೂ ಹೇಳಬಹುದು. ಒಂಬತ್ತು. ತಸ್ಲೀಮಾಳ ಕೈ ಮುಚ್ಚಳದ ಮೇಲಿತ್ತು.

“ನಿಮ್ ಒಪ್ಪಿಗಿ ಬರ್ಕಂಡೀವಿ,” ಎಂದಿತು ಸಿಂಚನಳ ದನಿ. “ದೊಡ್ ಮನಸ್ಸು ನಿಮ್ದು.”

ತಸ್ಲೀಮಾ ಮುಚ್ಚಳ ಕಿತ್ತಳು. ಯಂತ್ರ ಉಸ್ ಎಂದು ಹಾಲಮ್ಮನ ಎದೆಯನ್ನು ಎತ್ತಿತು, ಇಳಿಸಿತು. ತುಟಿಗೆ ಮತ್ತೆ ಬಣ್ಣ ಬಂತು. ಕಣ್ಣು ತೆರೆದು ಅವಳು ಮೊದಲು ನೋಡಿದ್ದು ಮಗಳನ್ನು. ಆತಾ ಎಂದು ಹುಬ್ಬಿನಲ್ಲೇ ಕೇಳಿದಳು. ತಾನು ತಲೆಯಾಡಿಸಿದ್ದು ಸಾಕಾಗಿದೆ ಎಂದು ಅವಳು ತಿಳಿದಿದ್ದಳು. ಮನೆಗೆ ಹೊರಡುವವಳಂತೆ ಕೈಯಿಂದ ಸೆರಗು ಸರಿಮಾಡಿಕೊಂಡಳು. ಸಿಂಚನ ತಲೆ ತಗ್ಗಿಸಿದಳು. ಹೇಳದಿದ್ದರೂ ಸ್ವಲ್ಪ ಹೊತ್ತಿಗೆ ಹಾಲಮ್ಮನಿಗೆ ತಿಳಿಯಿತು. ಸಿಟ್ಟು ಮಾಡಲಿಲ್ಲ. ಪಾಟಿಯನ್ನು ಹುಡುಕಿ ಎಳೆದುಕೊಂಡು, ಹಿಂದಿನ ದಿನ ಬರೆದಿದ್ದ ‘ಹೊರಸು’ ಎಂಬುದನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದಳು. ಬಳಪವನ್ನು ಮಗಳ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿದಳು.

ಮಧ್ಯಾಹ್ನ ಸಿಂಚನ ಇಂದುಧರರ ಕೋಣೆಯಲ್ಲಿ ಕೂತಿದ್ದಳು. ಪ್ರಶ್ನೆಗಳನ್ನು ಇವತ್ತೇ ನಿಲ್ಲಿಸಿ ಎಂದಳು. ಅವರು ಸಮಾಧಾನ ಹೇಳಿದರು. ಸಮಿತಿ ಸೇರುವುದು ಜೂನಿನಲ್ಲಿ. ಈಗ ಹನ್ನೆರಡು ಜಿಲ್ಲೆಗಳು ಇದನ್ನು ಬಳಸುತ್ತಿವೆ, ಸುಮ್ಮನೆ ನಿಲ್ಲಿಸಲಾಗುವುದಿಲ್ಲ. ಬದಲಾಯಿಸಿದರೂ ಮುದ್ರೆ ಬಿದ್ದವರಿಗೆ ಅನ್ವಯವಾಗುವುದಿಲ್ಲ. ಅವರ ಕಣ್ಣಲ್ಲಿ ನಿಜವಾದ ನೀರಿತ್ತು, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಗೋಡೆಯ ಆಚೆ ಕಂಟ್ರೋಲ್ ರೂಮಿನಲ್ಲಿ ಯಾರದೋ ಮನೆಯ ಹೊಸ ಬಿಲ್ಲೆಯನ್ನು ಪರೀಕ್ಷಿಸುತ್ತಿದ್ದರು. ಊಟಾತಾ ಎಂದು ಅವಳದೇ ದನಿ ಅಕ್ಕರೆಯಿಂದ ಕೇಳುತ್ತಿತ್ತು.

ಇಂದುಧರರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಲೋಟವನ್ನು ಅವಳ ಮುಂದಿಟ್ಟರು. ಬೇಡ ಸರ್ ಎಂದಳು. ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ನೀನು, ಕುಡಿ ಎಂದರು. ನಿಜವಾಗಿಯೂ ಬೇಡ ಸರ್ ಎಂದಳು. ಅವರು ಲೋಟವನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅವಳ ಕಡೆ ಚಾಚಿದರು.

“ನನ್ ಸಮಾಧಾನಕ್ಕಾದ್ರೂ ತಗೋಳಮ್ಮ.”

ಸಿಂಚನ ಲೋಟದ ಕಡೆ ನೋಡಿದಳು, ಅವರ ಮುಖದ ಕಡೆ ನೋಡಿದಳು. ಆಮೇಲೆ ಅವಳ ಕೈ ಮುಂದೆ ಹೋಯಿತು. ಫ್ಲಾಸ್ಕಿನಲ್ಲಿದ್ದೂ ಚಹಾ ಆರಿತ್ತು, ಮೇಲೆ ಕೆನೆ ತೇಲುತ್ತಿತ್ತು. ಅವರು ನೋಡುತ್ತಿದ್ದರು, ಹಾಗಾಗಿ ಪೂರ್ತಿ ಕುಡಿದಳು.